ಬಾದಶಹನ ಕೊನೆಯ ಕೋಟೆ

ನಮ್ಮ ಅಪಾರ್ಟ್‌ಮೆಂಟಿನ ಎದುರಿಗೆ ಎರಡು ವರ್ಷದಿಂದ ಒಂದು ಕಟ್ಟಡ ಏಳ್ತಾ ಇದೆ. ಬೆಳಗ್ಗೆ ಕ್ಯಾಬ್‌ಗೆ ಕಾಯುವಾಗ ಅಲ್ಲಿ ಕೆಲಸ ಮಾಡುವವರ ಮಾತು ಕಿವಿಗೆ ಬೀಳುತ್ತೆ. ಕೇಳಿದ ಕೂಡಲೇ ಗೊತ್ತಾಗುತ್ತೆ, ನಮ್ಮ ಕಡೆಯವರು ಅಂತ. ಒಂದು ದಿನ ಸೆಂಟ್ರಿಂಗ್ ಹಲಗೆ ಹೊರುತ್ತಿದ್ದ ಹುಡುಗನೊಬ್ಬನನ್ನು ನಿಲ್ಲಿಸಿ ಕೇಳಿದೆ.

"ಯಾವೂರು ತಮ್ಮಾ?"

"ಸುರಪುರ ರೀ."

"ಸುರಪುರದಾಗ ಎಲ್ಲಿ? ನಂದು ಶಹಾಪುರ."

ಹುಡುಗನ ಮುಖ ಅರಳಿತು. "ವಾಗಣಗೇರಾ ರೀ ಅಣ್ಣಾರ. ನಿಮಗ ಗೊತ್ತಿರಾಕಿಲ್ಲ ಬಿಡ್ರಿ, ಸಣ್ಣ ಊರು."

ಗೊತ್ತಿತ್ತು. ಆದರೆ ಅಷ್ಟೊತ್ತಿಗೆ ಕ್ಯಾಬ್ ಬಂತು. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಕೂತು ಅವನ "ಸಣ್ಣ ಊರು" ಅನ್ನೋ ಮಾತನ್ನೇ ಯೋಚಿಸ್ತಾ ಇದ್ದೆ. ಈ ಸಣ್ಣ ಊರನ್ನು ಗೆಲ್ಲೋದಕ್ಕೆ 1705ರಲ್ಲಿ ಔರಂಗಜೇಬ ಸ್ವತಃ ಬಂದಿದ್ದ. ಆಗ ಅವನಿಗೆ 86 ವರ್ಷ. ಎರಡೂವರೆ ತಿಂಗಳು ಮುತ್ತಿಗೆ ಹಾಕಿ ಕೂತ. ಅವನು ತಾನೇ ಮುಂದೆ ನಿಂತು ಮಾಡಿದ ಮುತ್ತಿಗೆಗಳಲ್ಲಿ ಅದೇ ಕೊನೆಯದು. ಕಾಬೂಲಿನಿಂದ ಕಾವೇರಿವರೆಗೆ ಚಾಚಿಕೊಂಡಿದ್ದ ಸಾಮ್ರಾಜ್ಯದ ದೊರೆಯ ಕೊನೆಯ ಯುದ್ಧ ನಡೆದದ್ದು ದಿಲ್ಲಿಯಲ್ಲಲ್ಲ, ಆಗ್ರಾದಲ್ಲಲ್ಲ. ನಮ್ಮ ಸುರಪುರ ತಾಲೂಕಿನ ಒಂದು ಕಲ್ಲುಗುಡ್ಡದ ಕೆಳಗೆ.

ಶಹಾಪುರದಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ. ಶಾಲೆಯಲ್ಲಿ ಔರಂಗಜೇಬ ಬಂದಿದ್ದ, ಪರೀಕ್ಷೆಗೂ ಬಂದಿದ್ದ. ಆದರೆ ಅವನು ನಮ್ಮೂರಿಂದ ಬಸ್ಸಿನಲ್ಲಿ ಒಂದು ಗಂಟೆ ದೂರಕ್ಕೆ ಬಂದಿದ್ದ ಅಂತ ನನಗಂತೂ ಯಾರೂ ಹೇಳಿರಲಿಲ್ಲ.

ಎರಡು ಹೊಳೆ, ನಡುವೆ ಕಲ್ಲು

ಮೊದಲು ಊರು ಎಲ್ಲಿದೆ ನೋಡೋಣ. ಕೃಷ್ಣಾ ಮತ್ತು ಭೀಮಾ ನದಿಗಳು ಕೂಡೋಕೆ ಮುಂಚೆ ಅವೆರಡರ ನಡುವೆ ಒಂದು ತ್ರಿಕೋನದಂಥ ನೆಲ ಉಳಿಯುತ್ತೆ. ಶಹಾಪುರ, ಸುರಪುರ, ಹುಣಸಗಿ ಎಲ್ಲಾ ಬರೋದು ಇದರಲ್ಲೇ. ಹಳಬರು ಇದನ್ನು ಸಗರನಾಡು ಅಂತಾರೆ. ಬಯಲಿಗೆ ಬಯಲೇ ಎರೆಹೊಲ. ಅದರ ನಡುವೆ ಅಲ್ಲಲ್ಲಿ ಯಾರೋ ತಂದು ಸುರಿದ ಹಾಗೆ ಬಂಡೆಗಳ ಗುಡ್ಡ. ಶಹಾಪುರದ ಬುದ್ಧ ಮಲಗಿದ ಬೆಟ್ಟವನ್ನು ನೀವು ಇನ್‌ಸ್ಟಾಗ್ರಾಮಿನಲ್ಲಿ ನೋಡಿರಬಹುದು. ಅದೂ ಇಂಥದ್ದೇ ಬಂಡೆಗಳ ಸಾಲು. ಸುರಪುರದಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಅಂಥ ಇನ್ನೊಂದು ಗುಡ್ಡದ ಮೇಲೆ ವಾಗಣಗೇರಾ ಕೋಟೆ. ಊರು ಅದರ ಮಗ್ಗುಲಲ್ಲಿ.

ಈ ನೆಲವನ್ನು ಆಳಿದವರು ಬೇಡರ ನಾಯಕರು. ವಿಜಯಪುರದ ಆದಿಲಶಾಹಿಗಳಿಗೆ ಸಾಮಂತರಾಗಿದ್ದರು, ಆದರೆ ತಮ್ಮ ಗುಡ್ಡಗಳಲ್ಲಿ ತಾವೇ ರಾಜರು. ಬೇಡರ ಕೈಯಲ್ಲಿ ಮೊದಲು ಬಿಲ್ಲು ಇತ್ತು, ಆಮೇಲೆ ಬಂದೂಕು ಬಂತು. ಗುರಿ ತಪ್ಪದ ಬಂದೂಕುದಾರರು, ರಾತ್ರಿ ದಾಳಿಯಲ್ಲಿ ಪಳಗಿದವರು ಅಂತ ಅವರ ವೈರಿಗಳೇ ಬರೆದಿಟ್ಟಿದ್ದಾರೆ. ಕುದುರೆ ಮೇಲೆ ಯುದ್ಧ ಮಾಡಿ ರೂಢಿಯಿದ್ದ ಉತ್ತರದ ಸರದಾರರಿಗೆ ಬಂಡೆಯ ಸಂದಿಯಿಂದ ಗುಂಡು ಹಾರಿಸಿ ಮಾಯವಾಗುವ ಈ ಕಾಲಾಳುಗಳು ದೊಡ್ಡ ತಲೆನೋವು.

ಇವರ ಮೊದಲ ರಾಜಧಾನಿ ಸಗರ. ಈಗ ಶಹಾಪುರ ತಾಲೂಕಿನ ಒಂದು ಊರು. 1686ರಲ್ಲಿ ವಿಜಯಪುರ ಬಿತ್ತು, 1687ರಲ್ಲಿ ಗೋಲ್ಕೊಂಡ ಬಿತ್ತು. ದಖ್ಖನಿನ ಎರಡು ದೊಡ್ಡ ಸುಲ್ತಾನಶಾಹಿಗಳನ್ನು ಒಂದೇ ವರ್ಷದ ಅಂತರದಲ್ಲಿ ನುಂಗಿದ ಮೊಘಲರು ಅದೇ ವರ್ಷದ ಕೊನೆಗೆ ಸಗರಕ್ಕೆ ಬಂದರು. ಅಲ್ಲಿನ ದೊರೆ ಪಾಮನಾಯಕ ಸೋತು ಶರಣಾದ, ಬಾದಶಹನ ದರಬಾರಿಗೆ ಹೋದ, ಕೆಲವೇ ದಿನಗಳಲ್ಲಿ ತೀರಿಕೊಂಡ. ಮೊಘಲರ ಲೆಕ್ಕದಲ್ಲಿ ಬೇಡರ ಕಥೆ ಅಲ್ಲಿಗೆ ಮುಗಿದಿತ್ತು.

ಮುಗಿದಿರಲಿಲ್ಲ. ಪಾಮನಾಯಕನ ಅಣ್ಣತಮ್ಮಂದಿರ ಪೈಕಿಯ ಹುಡುಗ, ಅವನು ವಾರಸುದಾರನೆಂದು ಒಪ್ಪಿಕೊಂಡಿದ್ದ ಪಿಡ್ಡನಾಯಕ, ಮೊಘಲ್ ಸೈನ್ಯ ಸೇರಿಕೊಂಡ. ರಾಯಚೂರು ಹಿಡಿಯುವಾಗ ಅವರ ಜೊತೆಗೇ ಇದ್ದ. ಆಮೇಲೆ ಸ್ವಲ್ಪ ದಿನ ಊರಿಗೆ ಹೋಗಿ ಬರ್ತೀನಿ ಅಂತ ರಜೆ ಕೇಳಿದ. ರಜೆ ಸಿಕ್ಕಿತು. ನಾಯಕ ಮಾತ್ರ ವಾಪಸ್ ಡ್ಯೂಟಿಗೆ ಬರಲಿಲ್ಲ. ವಾಗಣಗೇರಾ ಗುಡ್ಡ ಸೇರಿ ಗೋಡೆ ಎತ್ತರಿಸಿದ, ಬೇಡರನ್ನು ಕೂಡಿಸಿದ, ಮದ್ದುಗುಂಡು ತುಂಬಿಸಿದ. 1691ರಲ್ಲಿ ಔರಂಗಜೇಬ ತನ್ನ ಕಿರಿಯ ಮಗ ಕಾಮ್‌ಬಕ್ಷನನ್ನೇ ಕಳಿಸಿದರೂ ಕೋಟೆ ಕೈಗೆ ಬರಲಿಲ್ಲ. ನಂತರ ಸರದಾರರು ಬಂದರು, ಒಪ್ಪಂದ ಆದವು, ಒಂದಿಷ್ಟು ಕಾಣಿಕೆ ಹೋಯಿತು, ಮತ್ತೆ ಎಲ್ಲಾ ಮೊದಲಿನಂತೆ. ಹದಿನಾಲ್ಕು ವರ್ಷ ಇದು ಹೀಗೇ ನಡೀತು.

ನಡೆದಾಡುವ ಶಹರ ಬಂದು ಕೂತಿತು

ಔರಂಗಜೇಬ ದಖ್ಖನಿಗೆ ಬಂದದ್ದು 1681ರಲ್ಲಿ. ವಾಪಸ್ ಹೋಗಲೇ ಇಲ್ಲ. ಅವನ ರಾಜಧಾನಿ ಅಂದರೆ ಅವನ ಡೇರೆ. 1695ರಲ್ಲಿ ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿ ಕೃಷ್ಣಾ ದಂಡೆಯ ಗಲಗಲಿಯಲ್ಲಿ ಆ ಬೀಡನ್ನು ಕಂಡ. ಗಲಗಲಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಬೀಡಿನ ಸುತ್ತಳತೆ 30 ಮೈಲಿ, ಒಳಗೆ 250 ಬಜಾರುಗಳು ಅಂತ ಅವನು ಬರೆದ. ಸಂಖ್ಯೆಯಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದರೂ ಇರಲಿ, ಒಂದು ಇಡೀ ಶಹರ ಊರಿಂದೂರಿಗೆ ನಡೆಯುತ್ತಿತ್ತು ಅನ್ನೋದು ನಿಜ. ಅದು ಕೂತಲ್ಲೆಲ್ಲಾ ಮೇವು, ಜೋಳ, ನೀರು ಖಾಲಿ. ನಮ್ಮಂಥ ಮಳೆ ಕಡಿಮೆಯ ಸೀಮೆಯಲ್ಲಿ ಆ ಶಹರ ಬಂದು ಕೂರೋದು ಅಂದರೇನು ಅಂತ ಒಕ್ಕಲುತನ ಗೊತ್ತಿದ್ದವರು ಊಹಿಸಿಕೊಳ್ಳಬಹುದು.

1700ರಿಂದ ಆಚೆಗೆ ಬಾದಶಹ ಮರಾಠರ ಕೋಟೆಗಳ ಹಿಂದೆ ಬಿದ್ದಿದ್ದ. ಸಾತಾರಾ, ಪನ್ಹಾಳಾ, ವಿಶಾಲಗಡ, ಸಿಂಹಗಡ, ರಾಜಗಡ, ತೋರಣಾ. ಒಂದು ಹಿಡಿದರೆ ಹಿಂದಿನದು ಕೈಬಿಡುತ್ತಿತ್ತು. 1704ರ ಅಕ್ಟೋಬರಿನಲ್ಲಿ ಪುಣೆ ಸೀಮೆಯಿಂದ ಹೊರಟವನು 1705ರ ಫೆಬ್ರವರಿ 8ಕ್ಕೆ ವಾಗಣಗೇರಾ ಮುಂದೆ ಬಂದು ಡೇರೆ ಹೊಡೆದ.

ಆಗಿನ ವಾಗಣಗೇರಾ ಹೇಗಿತ್ತು? ಮೇಲೆ ಗುಡ್ಡದ ಕೋಟೆ. ಅದರ ದಕ್ಷಿಣಕ್ಕೆ ಬಯಲಿನಲ್ಲಿ ತಳವಾರಗೇರಾ ಎಂಬ ಪೇಟೆ, ಸುತ್ತ ಮಣ್ಣಿನ ಗೋಡೆ. ಪಕ್ಕದಲ್ಲಿ ಬಡವರ ಗುಡಿಸಲುಗಳು. ಆಚೀಚೆ ಸಣ್ಣ ದಿಬ್ಬಗಳು. ಅದರಲ್ಲಿ ಒಂದನ್ನು ಮೊಘಲರು "ಲಾಲ್ ಟಿಕ್ರಿ" ಅಂತ ಕರೆದರು. ಕೆಂಪು ದಿಬ್ಬ ಅಂತ. ಪೇಟೆಯ ಮೇಲೆ ಕಣ್ಣಿಡೋಕೆ, ಗುಂಡು ಹಾಕೋಕೆ ಆ ದಿಬ್ಬವೇ ಜಾಗ. ಇಡೀ ಯುದ್ಧ ಹೆಚ್ಚುಕಡಿಮೆ ಆ ದಿಬ್ಬದ ಮೇಲೆ, ಅದರ ಹತ್ತಿರದ ಬಾವಿಗಳ ಮೇಲೆ ನಡೀತು.

ಮುತ್ತಿಗೆಯ ಮೊದಲ ದಿನಗಳಲ್ಲೇ ಮೊಘಲರು ದಿಬ್ಬ ಹಿಡಿದರು. ಬೇಡರು ಮೇಲಿಂದ ಗುಂಡು, ಕಲ್ಲು ಸುರಿಸಿ ಅದನ್ನು ಬಿಡಿಸಿಕೊಂಡರು. ಆ ದಿನಗಳಲ್ಲಿ ಮುಂದೆ ನಿಂತು ಕಾದಿದವರ ಪೈಕಿ ಚಿನ್ ಖಿಲಿಚ್ ಖಾನ್ ಎಂಬ ಸರದಾರನೂ ಇದ್ದ. ಈ ಹೆಸರು ಎಲ್ಲೂ ಕೇಳಿಲ್ಲ ಅನ್ನಿಸಬಹುದು, ಆದರೆ ಕೇಳಿದ್ದೀರಿ. ಮುಂದೆ ನಿಜಾಮ್-ಉಲ್-ಮುಲ್ಕ್ ಅನ್ನೋ ಬಿರುದು ಪಡೆದು 1724ರಲ್ಲಿ ಹೈದರಾಬಾದಿನ ಆಸಫ್‌ಜಾಹಿ ರಾಜ್ಯ ಕಟ್ಟಿದವನು ಇವನೇ. ಅದೇ ನಿಜಾಮರ ರಾಜ್ಯದಲ್ಲಿ ನಮ್ಮ ಅಜ್ಜಂದಿರು 1948ರ ಸೆಪ್ಟೆಂಬರ್‌ವರೆಗೆ ಬಾಳಿದರು.

ಮಾರ್ಚ್ ಕೊನೆಗೆ ಧನಾಜಿ ಜಾಧವನ ಮರಾಠಾ ಕುದುರೆ ದಂಡು ಬಂತು. ಬೇಡರ ಮೇಲಿನ ಪ್ರೀತಿಯೊಂದೇ ಕಾರಣ ಅಲ್ಲ. ಎಷ್ಟೋ ಮರಾಠಾ ಸರದಾರರು ತಮ್ಮ ಹೆಂಡತಿ ಮಕ್ಕಳನ್ನು ಸುರಕ್ಷಿತ ಜಾಗ ಅಂತ ವಾಗಣಗೇರಾದಲ್ಲಿ ಬಿಟ್ಟಿದ್ದರು! ದಂಡಿನ ಒಂದು ಭಾಗ ಮೊಘಲರ ಜೊತೆ ಕೈ ಮಾಡ್ತಾ ಇರುವಾಗ ಇನ್ನೊಂದು ಭಾಗ ಕೋಟೆಯ ಹಿಂಬಾಗಿಲಿಂದ ಹೆಂಗಸರು ಮಕ್ಕಳನ್ನು ಕುದುರೆ ಹತ್ತಿಸಿ ಕರೆದೊಯ್ದಿತು. ಸುತ್ತಮುತ್ತಲೇ ಇರಿ ಅಂತ ಪಿಡ್ಡನಾಯಕ ಅವರಿಗೆ ದಿನಕ್ಕೆ ಇಷ್ಟು ಅಂತ ಹಣ ಕೊಡ್ತಾ ಇದ್ದ. ಸ್ನೇಹ ಸ್ನೇಹ, ಲೆಕ್ಕ ಲೆಕ್ಕ.

ಬಾದಶಹನಿಗೆ ಹಾಕಿದ ಟೋಪಿ

ಇನ್ನು ಮುಂದಿನದು ನನಗೆ ಅತಿ ಇಷ್ಟವಾದ ಭಾಗ. ಇದನ್ನು ಬರೆದಿಟ್ಟವರು ಬೇಡರಲ್ಲ, ಮೊಘಲರ ಕಡೆಯವರೇ.

ಬೀಡಿನಲ್ಲಿ ಅಬ್ದುಲ್ ಘನಿ ಎಂಬ ಕಾಶ್ಮೀರಿ ಫೇರಿವಾಲಾ ಇದ್ದ. ಸಣ್ಣಪುಟ್ಟ ಸಾಮಾನು ಮಾರಿಕೊಂಡು ಎರಡೂ ಕಡೆ ಓಡಾಡುವವನು. ಅವನ ಕೈಯಲ್ಲಿ ಪಿಡ್ಡನಾಯಕ ಒಂದು ಪತ್ರ ಕಳಿಸಿದ: ನಾನು ಶರಣಾಗ್ತೀನಿ. ಜುಲ್ಫಿಕರ್ ಖಾನ್ ದಂಡು ಇನ್ನೂ ಬರಬೇಕಿತ್ತು, ಮುತ್ತಿಗೆ ಮುಂದೆ ಸಾಗ್ತಾ ಇರಲಿಲ್ಲ. ಬಾದಶಹ ಒಪ್ಪಿದ. ನಾಯಕನ ತಮ್ಮ ಸೋಮಶಂಕರ ಒತ್ತೆಯಾಳಾಗಿ ಬೀಡಿಗೆ ಬಂದ, ಬಿರುದು ಮರ್ಯಾದೆ ಪಡೆದ. ಮುಹ್ತಶಂ ಖಾನ್ ಎಂಬ ಅಧಿಕಾರಿಯನ್ನು ಬೇಡರು ಕೋಟೆಯ ಕಿಲ್ಲೇದಾರ ಅಂತ ಒಳಗೆ ಕರೆದುಕೊಂಡರು. ಬೀಡಿನಲ್ಲಿ ನಗಾರಿ ಬಾರಿಸಿದರು, ಸರದಾರರು ಬಾದಶಹನಿಗೆ ಮುಬಾರಕ್ ಹೇಳಿದರು.

ಆಮೇಲೆ ಕೋಟೆಯಿಂದ ಹೊಸ ಸುದ್ದಿ ಬಂತು. ಪಿಡ್ಡನಾಯಕನಿಗೆ ಹುಚ್ಚು ಹಿಡಿದಿದೆ, ಮರಾಠರ ಜೊತೆ ಎಲ್ಲೋ ಓಡಿಹೋದ ಅಂತ. ಅವನ ತಾಯಿಯ ಹೆಸರಲ್ಲಿ ಅರಿಕೆ ಬಂತು: ಸೋಮಶಂಕರನನ್ನು ಕಳಿಸಿಕೊಡಿ, ಅವನನ್ನೇ ನಾಯಕ ಮಾಡಿ ಕೆಲವು ದಿನದಲ್ಲಿ ಕೋಟೆ ಖಾಲಿ ಮಾಡಿ ಕೊಡ್ತೀವಿ. ಬಾದಶಹ ಅದಕ್ಕೂ ಹೂಂ ಅಂದ. ಸೋಮಶಂಕರ ಒಳಗೆ ಹೋದ. ಬಾಗಿಲು ಹಾಕಿತು. ಹುಚ್ಚು ಹಿಡಿದಿದ್ದ ನಾಯಕ ಒಳಗೇ ಗಟ್ಟಿಮುಟ್ಟಾಗಿ ಇದ್ದ. ಈ ನಾಟಕದಲ್ಲಿ ಅವನು ಗಳಿಸಿದ್ದು ಸಮಯ. ಕಿಲ್ಲೇದಾರ ಮುಹ್ತಶಂ ಖಾನ್ ಮಾತ್ರ ತನ್ನದೇ ಕೋಟೆಯಲ್ಲಿ ಕೈದಿಯಾದ.

ಅಷ್ಟರಲ್ಲಿ ಜಿಂಜಿ ಕೋಟೆ ಗೆದ್ದು ಹೆಸರಾಗಿದ್ದ ಜುಲ್ಫಿಕರ್ ಖಾನ್ ಬಂದ. ಜೊತೆಗೆ ರಾವ್ ದಲಪತ ಬುಂದೇಲನ ರಜಪೂತರು. ಇವರು ಆಟ ಆಡಲಿಲ್ಲ. ಮೊದಲು ಕೆಂಪು ದಿಬ್ಬ ಹಿಡಿದರು. ಆಮೇಲೆ ತಳವಾರಗೇರಾ ಹತ್ತಿರದ ಬಾವಿಗಳಿಗೆ ಕೈ ಹಾಕಿದರು. ಬಾವಿಗಾಗಿ ಎರಡೂ ಕಡೆ ಬಹಳ ಜನ ಸತ್ತರು. ಏಪ್ರಿಲ್ ತಿಂಗಳು, ನಮ್ಮ ಕಡೆ ಬಿಸಿಲು. ನೀರು ಹೋದ ಮೇಲೆ ಕೋಟೆ ಉಳಿಯೋದಿಲ್ಲ ಅಂತ ಪಿಡ್ಡನಾಯಕನಿಗೆ ಗೊತ್ತಾಯಿತು.

ಏಪ್ರಿಲ್ 27ರ ರಾತ್ರಿ. ಗೋಡೆಯ ಮೇಲೆ ಕೆಲವರನ್ನು ನಿಲ್ಲಿಸಿ ಬಿಡದೆ ಬಂದೂಕು ಹಾರಿಸೋಕೆ ಹೇಳಿ, ಉಳಿದವರೆಲ್ಲಾ ಮನೆಗಳಿಗೆ ತಾವೇ ಬೆಂಕಿ ಇಟ್ಟು ಹಿಂಬಾಗಿಲಿಂದ ಕತ್ತಲಿಗೆ ಇಳಿದು ಹೋದರು. ಸ್ವಲ್ಪ ಹೊತ್ತಿಗೆ ಗುಂಡಿನ ಸದ್ದೂ ನಿಂತಿತು. ಉರಿ ನೋಡಿ, ಸದ್ದಿಲ್ಲದ್ದು ನೋಡಿ ಮೊಘಲರು ಮೆಲ್ಲಗೆ ಒಳಗೆ ಹೋದರು. ಸುಡುತ್ತಿರುವ ಮನೆಗಳು ಇದ್ದವು. ಮುಹ್ತಶಂ ಖಾನ್ ಇದ್ದ. ಬೇರೆ ಯಾರೂ ಇರಲಿಲ್ಲ.

ಬಾದಶಹ ಗೆದ್ದ. ಕೋಟೆಗೆ "ರಹಮಾನ್ ಬಕ್ಷ್" ಅಂತ ಹೊಸ ಹೆಸರಿಟ್ಟ. ಆ ಹೆಸರು ಇವತ್ತು ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಬಸ್ಸಿನ ಬೋರ್ಡಿನಲ್ಲಿ, ರೇಷನ್ ಕಾರ್ಡಿನಲ್ಲಿ ಇರೋದು ವಾಗಣಗೇರಾ.

ದೇವಾಪುರದ ಆರು ತಿಂಗಳು

ಸುರಪುರದಿಂದ ಲಿಂಗಸುಗೂರಿನ ಕಡೆ ಹೋಗುವಾಗ ದೇವಾಪುರ ಸಿಗುತ್ತೆ. ನಾನು ಚಿಕ್ಕವನಿದ್ದಾಗ ಎಷ್ಟೋ ಸಲ ಬಸ್ಸಿನಲ್ಲಿ ದಾಟಿದ್ದೀನಿ. ಅಲ್ಲಿ ಚಹಾ ಕುಡಿದದ್ದು ಬಿಟ್ಟರೆ ಬೇರೇನೂ ನೆನಪಿಲ್ಲ.

ಮೊಘಲರ ಬೀಡು ವಾಗಣಗೇರಾದಿಂದ ಎದ್ದು ಮೇ ತಿಂಗಳಲ್ಲಿ ಇಲ್ಲಿಗೆ ಬಂತು. ಕೃಷ್ಣೆ ಹತ್ತಿರ, ಸ್ವಲ್ಪ ಹಸಿರು, ನೀರಿಗೆ ಅನುಕೂಲ. ಇಲ್ಲಿ ಔರಂಗಜೇಬ ಹಾಸಿಗೆ ಹಿಡಿದ. ಮೊದಮೊದಲು ನೋವು ನುಂಗಿಕೊಂಡು ದರಬಾರು ಮಾಡಿದ. ಆಮೇಲೆ ಆಗಲಿಲ್ಲ; ಆಗಾಗ ಎಚ್ಚರ ತಪ್ಪುತ್ತಿತ್ತು. ಹತ್ತು ಹನ್ನೆರಡು ದಿನ ಬೀಡಿನಲ್ಲಿ ಒಂದೇ ಭಯ: ಬಾದಶಹ ಹೋಗಿಬಿಟ್ಟರೆ ನಮ್ಮ ಗತಿ ಏನು? ಸುತ್ತ ಎಲ್ಲಾ ವೈರಿಗಳ ಸೀಮೆ. ಉತ್ತರದ ಊರಿಗೆ ದಾರಿ ನೂರಾರು ಹರದಾರಿ. ಸಿಂಹಾಸನಕ್ಕೆ ಕಾದಿದ್ದ ಗಂಡುಮಕ್ಕಳು ಕತ್ತಿ ಹಿರಿಯೋದು ಖಂಡಿತ. ಎಷ್ಟೋ ಸಿಪಾಯಿಗಳು ಇಪ್ಪತ್ತು ವರ್ಷದಿಂದ ಮನೆ ಮುಖ ನೋಡಿರಲಿಲ್ಲ. ಡೇರೆಯಲ್ಲೇ ಹುಟ್ಟಿ ಬೆಳೆದು ದೊಡ್ಡವರಾದ ಮಕ್ಕಳಿಗೆ ಇಟ್ಟಿಗೆ ಮನೆ ಅಂದರೇನು ಗೊತ್ತಿಲ್ಲ ಅನ್ನೋ ಅರ್ಥದ ದೂರು ಭೀಮಸೇನ ಸಕ್ಸೇನಾನ ಬರಹದಲ್ಲಿದೆ. ಅವನು ದಲಪತ ಬುಂದೇಲನ ಕಡೆ ಲೆಕ್ಕಪತ್ರ ನೋಡಿಕೊಂಡಿದ್ದವನು, ಈ ಯುದ್ಧಗಳನ್ನೆಲ್ಲ ಒಳಗಿನಿಂದ ಕಂಡವನು.

ಹಕೀಮರ ಔಷಧಿಯಿಂದ ಬಾದಶಹ ಚೇತರಿಸಿಕೊಂಡ. ಆದರೆ ಕುದುರೆ ಏರುವ ಶಕ್ತಿ ಬರಲಿಲ್ಲ. ಮಳೆಗಾಲವೆಲ್ಲಾ ದೇವಾಪುರದಲ್ಲೇ ಕಳೆಯಿತು. 1705ರ ಅಕ್ಟೋಬರಿನಲ್ಲಿ ಪಲ್ಲಕ್ಕಿಯಲ್ಲಿ ಹೊರಟ. 1706ರ ಜನವರಿಯಲ್ಲಿ ಅಹಮದನಗರ ಮುಟ್ಟಿದ. 1707ರ ಆರಂಭದಲ್ಲಿ ಅಲ್ಲೇ ತೀರಿಕೊಂಡ. ಖುಲ್ದಾಬಾದಿನ ಅವನ ಸಾದಾ ಗೋರಿಯನ್ನು ಎಲ್ಲೋರಾ ಟ್ರಿಪ್ ಹೋದವರು ನೋಡಿರ್ತೀರಿ. ಆ ಗೋರಿಯತ್ತ ಹೋಗುವ ದಾರಿ ಶುರುವಾಗೋದು ನಮ್ಮ ದೇವಾಪುರದಿಂದ.

ಪಿಡ್ಡನಾಯಕ? ಸುಟ್ಟ ಗುಡ್ಡಕ್ಕೆ ತಿರುಗಿ ಬಂದ. ಮೊಘಲರು ಹೋದ ಮೇಲೆ ನಾಯಕರ ರಾಜ್ಯ ಇನ್ನೂ ಒಂದೂವರೆ ಶತಮಾನ ಬಾಳಿತು. ರಾಜಧಾನಿ ಮಾತ್ರ ವಾಗಣಗೇರಾ ಬಿಟ್ಟು ಪೂರ್ವಕ್ಕೆ, ಸುರಪುರದ ಬೆಟ್ಟಗಳ ನಡುವೆ ಬಂತು. ವಾಗಣಗೇರಾ "ಸಣ್ಣ ಊರು" ಆದದ್ದು ಹೀಗೆ. ಸೋತು ಅಲ್ಲ, ರಾಜಧಾನಿ ಎದ್ದು ಪಕ್ಕದೂರಿಗೆ ಹೋದದ್ದರಿಂದ.

ಕಳ್ಳರು ಅಂತ ಬರೆದವರು ಯಾರು?

ಇಷ್ಟೆಲ್ಲಾ ನಮಗೆ ಗೊತ್ತಾಗೋದು ಎಲ್ಲಿಂದ? ಹೆಚ್ಚಿನದು ಫಾರಸಿ ಬರಹಗಳಿಂದ. ಸಾಕಿ ಮುಸ್ತೈದ್ ಖಾನನ ಮಆಸಿರ್-ಇ-ಆಲಂಗೀರಿ, ಖಾಫಿ ಖಾನನ ಇತಿಹಾಸ, ಭೀಮಸೇನನ ನೆನಪುಗಳು. ಇವನ್ನೆಲ್ಲಾ ಜರಡಿ ಹಿಡಿದು ಜದುನಾಥ ಸರ್ಕಾರ್ ಇಂಗ್ಲಿಷಿನಲ್ಲಿ ಔರಂಗಜೇಬನ ಚರಿತ್ರೆಯ ಐದು ಸಂಪುಟ ಬರೆದರು. ಅಂದರೆ ವಾಗಣಗೇರಾದ ಮುತ್ತಿಗೆಯನ್ನು ನಾವು ನೋಡ್ತಾ ಇರೋದು ಕೆಳಗಿನ ಡೇರೆಯಿಂದ, ಗುಡ್ಡದ ಮೇಲಿನಿಂದ ಅಲ್ಲ. ಆ ಡೇರೆಯಲ್ಲಿ ಕೂತವರಿಗೆ ಬೇಡರು ಕಳ್ಳರು, ಕಾಡಿನವರು, ಕೀಳು ಜಾತಿಯವರು. ತಮಗೇ ಟೋಪಿ ಹಾಕಿದರೆ ಅದು ಮೋಸ. ತಾವು ರಾಜ್ಯ ನುಂಗಿದರೆ ಅದು ಫತೇ.

ಇದು ಮುನ್ನೂರು ವರ್ಷದ ಹಿಂದಿನ ಮಾತು, ಈಗೇನು ಅಂತ ಬಿಡಬಹುದು. ಆದರೆ ಹೊರಗಿನವರು ಕೊಟ್ಟ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತೆ ಅನ್ನೋದಕ್ಕೆ ನಮ್ಮ ಸೀಮೆಯೇ ಉದಾಹರಣೆ. ಅಂದು "ದರೋಡೆಕೋರರು". ಇಂದು ಬೆಂಗಳೂರಿನ ಯಾವ ಸೈಟಿನಲ್ಲಾದರೂ ಕೇಳಿ, "ರಾಯಚೂರು ಯಾದಗಿರಿ ಲೇಬರ್". ಯಾದಗಿರಿ ಹಿಂದುಳಿದ ಜಿಲ್ಲೆ ಅನ್ನೋದು ನಿಜ, ಜನ ದುಡಿಯೋಕೆ ಗುಳೆ ಹೋಗ್ತಾರೆ ಅನ್ನೋದೂ ನಿಜ. ನಾನು ಅದನ್ನು ಮುಚ್ಚಿಡ್ತಾ ಇಲ್ಲ. ನನ್ನ ತಕರಾರು ಇಷ್ಟೇ: ಒಂದು ಊರಿನ ಬಗ್ಗೆ ಗೊತ್ತಿರೋದೆಲ್ಲಾ ಅದರ ಕೊರತೆ ಮಾತ್ರ ಆದರೆ, ಆ ಊರಿನ ಹುಡುಗ ತನ್ನೂರ ಹೆಸರು ಹೇಳುವ ಮೊದಲೇ "ನಿಮಗ ಗೊತ್ತಿರಾಕಿಲ್ಲ ಬಿಡ್ರಿ" ಅಂತಾನೆ.

ಒಂದು ಮಾತು ಸೇರಿಸಲೇಬೇಕು. ಇದನ್ನು ಹಿಂದೂ ಮುಸ್ಲಿಂ ಯುದ್ಧ ಅಂತ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡೋಕೆ ಹೊರಟರೆ ಕಥೆ ಕೈಕೊಡುತ್ತೆ. ನಾಯಕರು ತಲೆಮಾರುಗಟ್ಟಲೆ ಆದಿಲಶಾಹಿ ಸುಲ್ತಾನರ ಸಾಮಂತರು. ಗೋಡೆ ಏರಿ ಬಂದವರಲ್ಲಿ ಬುಂದೇಲರು, ರಜಪೂತರು ಇದ್ದರು. ಮಧ್ಯಸ್ಥ ಕಾಶ್ಮೀರಿ ಮುಸಲ್ಮಾನ, ಮರಾಠರಿಗೆ ದಿನಗೂಲಿ. ಎಲ್ಲರಿಗೂ ಬೇಕಿದ್ದದ್ದು ನೆಲ, ತೆರಿಗೆ, ನೀರು. ಬೇಡರಿಗೆ ಮಾತ್ರ ಅದು ಮನೆ.

ಕನ್ನಡದಲ್ಲಿ ಮೇಲಿನಿಂದ ನೋಡಿದ ಬರಹವೇ ಇಲ್ಲ ಅಂತಲ್ಲ. ಕಪಟರಾಳ ಕೃಷ್ಣರಾಯರು ಸುರಪುರ ಸಂಸ್ಥಾನದ ಇತಿಹಾಸವನ್ನೇ ಬರೆದರು. ಸಮಸ್ಯೆ ಏನೆಂದರೆ ಅಂಥ ಪುಸ್ತಕಗಳು ಲೈಬ್ರರಿಯ ಕಪಾಟಿನಲ್ಲಿವೆ, ನಾವು ಫೋನಿನಲ್ಲಿದ್ದೀವಿ.

ಹೋಗಿ ನೋಡೋದಾದರೆ

ಬೆಂಗಳೂರಿಂದ ರಾತ್ರಿ ರೈಲು ಹತ್ತಿದರೆ ಯಾದಗಿರಿ. ಸ್ಟೇಷನ್ನಿನಿಂದ ಹೊರಗೆ ಬಂದರೆ ಊರ ತಲೆಯ ಮೇಲೇ ಯಾದಗಿರಿ ಕೋಟೆ. ಅಲ್ಲಿಂದ ಶಹಾಪುರ, ಶಹಾಪುರದಿಂದ ಸುರಪುರ. ಬಸ್ಸು ಬೇಕಾದಷ್ಟಿವೆ. ಶಹಾಪುರ ದಾಟುವಾಗ ಬುದ್ಧ ಮಲಗಿದ ಬೆಟ್ಟ ನೋಡಿ. ಸ್ವಲ್ಪ ಮುಂದೆ ವಿಭೂತಿಹಳ್ಳಿಯ ಹತ್ತಿರ ಹೊಲದಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಲ್ಲುಗಳಿವೆ. ಬೃಹತ್ ಶಿಲಾಯುಗದ ಜನ ಇಟ್ಟದ್ದು. ಅದರ ಮುಂದೆ ಔರಂಗಜೇಬ ಮೊನ್ನೆ ಮೊನ್ನೆ ಬಂದು ಹೋದವನು.

ಸುರಪುರದಲ್ಲಿ ಮೂರು ಜಾಗ. ಮೊದಲನೆಯದು ವೇಣುಗೋಪಾಲಸ್ವಾಮಿ ಗುಡಿ. ಕೃಷ್ಣ ಜನ್ಮಾಷ್ಟಮಿಯ ಹೊತ್ತಿಗೆ ಇಲ್ಲಿ ಎತ್ತರದ ಜಾರು ಕಂಬ ಏರುವ ಉತ್ಸವ ನಡೆಯುತ್ತೆ. ಆಗ ಹೋದರೆ ಊರೇ ಅಲ್ಲಿರುತ್ತೆ. ಎರಡನೆಯದು ಬೆಟ್ಟದ ಮೇಲಿನ ಟೇಲರ್ ಮಂಜಿಲ್. 1841ರಲ್ಲಿ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ ಬಂಗಲೆ. ರಾಜ ಇನ್ನೂ ಹುಡುಗ, ಅವನು ದೊಡ್ಡವನಾಗುವ ತನಕ ಆಡಳಿತ ನೋಡಿಕೊಳ್ಳೋಕೆ ಬಂದವನು 1853ರವರೆಗೆ ಇದ್ದ. ಆ ಹುಡುಗ ಟೇಲರನನ್ನು "ಅಪ್ಪಾ" ಅಂತ ಕರೀತಿದ್ದ. ಮೂರನೆಯದು ಅರಮನೆ. ಆ ಹುಡುಗ, ರಾಜಾ ವೆಂಕಟಪ್ಪ ನಾಯಕ, 1858ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೋತ, ಹೈದರಾಬಾದಿನಲ್ಲಿ ಸೆರೆಯಾದ. ಮರಣದಂಡನೆ ಕೊಟ್ಟರು, ಆಮೇಲೆ ಅದನ್ನು ಕಡಿಮೆ ಮಾಡಿ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷ ಸೆರೆ ಅಂದರು. ಅಲ್ಲಿಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ಸತ್ತ. ಅವನದೇ ಕೈಯ ಗುಂಡು ಅಂತ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದು ಬೇರೆಯೇ ಒಂದು ಕಥೆ. ಇನ್ನೊಂದು ಸಲ ಬರೀತೀನಿ.

ಆಮೇಲೆ ವಾಗಣಗೇರಾ. ಇಲ್ಲಿ ಟಿಕೆಟ್ ಕೌಂಟರ್ ಹುಡುಕಬೇಡಿ, ಕಾಫಿ ಸಿಗುತ್ತೆ ಅಂತಲೂ ಹೋಗಬೇಡಿ. ನೀರಿನ ಬಾಟಲಿ ಒಯ್ಯಿರಿ. ನೀರಿಲ್ಲದೆ ಬಂದರೆ ಏನಾಗುತ್ತೆ ಅಂತ ಈಗಾಗಲೇ ಓದಿದ್ದೀರಿ. ಜಾಲಿ ಮುಳ್ಳಿನ ನಡುವೆ ಹತ್ತಿದರೆ ಬಂಡೆಗೆ ಬಂಡೆ ಸೇರಿಸಿ ಕಟ್ಟಿದ ಗೋಡೆ, ಬುರುಜು. ಎಲ್ಲಿ ಗುಡ್ಡ ಮುಗಿದು ಎಲ್ಲಿ ಗೋಡೆ ಶುರುವಾಯಿತು ಅಂತ ಕೆಲವು ಕಡೆ ಹೇಳೋಕಾಗಲ್ಲ. ಮೇಲೆ ನಿಂತು ದಕ್ಷಿಣಕ್ಕೆ ನೋಡಿ. ಬಯಲು, ದಿಬ್ಬಗಳು, ಹೊಲ. ಎಲ್ಲೋ ಅಲ್ಲಿ ಆ ಡೇರೆಗಳ ಶಹರ ಕೂತಿತ್ತು. ಎಲ್ಲೋ ಅಲ್ಲಿ ಒಬ್ಬ ಮುದು ಬಾದಶಹ ದಿನವೂ ಇದೇ ಗುಡ್ಡವನ್ನು ಕೆಳಗಿನಿಂದ ನೋಡ್ತಾ ಇದ್ದ. ಗುಡ್ಡದ ಮೇಲಿನಿಂದ ಅವನ ಬೀಡು ಹೇಗೆ ಕಂಡಿರಬಹುದು ಅಂತ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಹತ್ತಿ ನಿಂತ ಮೇಲೆ ಸ್ವಲ್ಪ ಗೊತ್ತಾಯಿತು. ಎಲ್ಲಾ ಕಾಣುತ್ತೆ. ಯಾರು ಎಲ್ಲಿಂದ ಬರ್ತಾ ಇದ್ದಾರೆ, ಧೂಳು ಎಲ್ಲಿ ಏಳ್ತಾ ಇದೆ, ಯಾವ ದಾರಿ ಖಾಲಿ ಇದೆ, ಎಲ್ಲಾ.

ಮರಳಿ ಬಂದ ಮೇಲೆ ಒಂದು ಭಾನುವಾರ ಆ ಹುಡುಗ ಮತ್ತೆ ಸಿಕ್ಕ. ಚಹಾ ಅಂಗಡಿಯ ಮುಂದೆ ನಿಂತು ನನಗೆ ಗೊತ್ತಿದ್ದದ್ದನ್ನೆಲ್ಲಾ ಅವನಿಗೆ ಹೇಳೋಕೆ ಶುರು ಮಾಡಿದೆ. ಬಾದಶಹ, ಮುತ್ತಿಗೆ, ಪಿಡ್ಡನಾಯಕ. ದೊಡ್ಡ ಉಪಕಾರ ಮಾಡ್ತಾ ಇದ್ದೀನಿ ಅನ್ನೋ ಹಾಗೆ.

ಅವನು ಚಹಾ ಮುಗಿಸಿ ನಕ್ಕ. "ಗೊತ್ತದ ರೀ ಅಣ್ಣಾರ. ನಮ್ಮ ಮುತ್ಯಾ ಹೇಳ್ತಿದ್ದ. ಸಣ್ಣಾಂವ ಇದ್ದಾಗ ಅದೇ ಗುಡ್ಡದಾಗ ಕುರಿ ಬಿಟ್ಟೀವಿ."

"ಮತ್ತ ಅವತ್ತು ಸಣ್ಣ ಊರು ಅಂದಿ?"

"ಇಲ್ಲಿ ಯಾರ್ ಕೇಳ್ತಾರ್ರಿ?" ಅಂದ. ಗ್ಲಾಸು ಕೆಳಗಿಟ್ಟು ಕೆಲಸಕ್ಕೆ ಹೋದ.